ಆಟ ಬರುತ್ತಾ?

ಮಂಗಳವಾರ, ಗುರುವಾರ, ಶನಿವಾರ
ಊಟದ ಮೇಜಿಗೆ ಹಸಿರು ಬಟ್ಟೆ ಹಾಸಿ
ನೂರ ನಲವತ್ತನಾಲ್ಕು ಬಿಲ್ಲೆ ಸುರಿಯುತ್ತೇನೆ.
ಆ ಸದ್ದಿಗೆ ಮೂರನೇ ಮಹಡಿ ಕಣ್ಣು ಬಿಡುತ್ತದೆ.

ನಾನು ವಾರ್ತಿನಿ, ಜಾವಾದ ಬ್ಲಿತಾರಿನವಳು.
ಕಾವ್‌ಶ್ಯೂಂಗ್ ಬಂದರಿಗೆ ಮುಖ ಮಾಡಿದ ಈ ಆರೈಕೆಮನೆಗೆ
ಬೆನ್ನು ಒರೆಸಲು, ಡೈಪರ್ ಬದಲಿಸಲು, ಗಂಜಿ ಉಣಿಸಲು ಬಂದವಳು.
ಕರಾರುಪತ್ರದಲ್ಲಿ ಆಟ ಅಂತ ಎಲ್ಲೂ ಇರಲಿಲ್ಲ.

ಡಾಕ್ಟರಮ್ಮ ಹೇಳಿದರು: ಮಾಜೋಂಗ್ ಆಡಿಸಿ.
ಬೆರಳಿಗೂ ಲೆಕ್ಕಕ್ಕೂ ಕೆಲಸ ಸಿಕ್ಕರೆ
ಮರೆವು ಒಂಚೂರು ಕುಂಟುತ್ತಾ ಬಂದೀತು.
ನಿಲ್ಲುವುದಿಲ್ಲ, ಅಂದರು ನನ್ನ ಮುಖ ನೋಡಿ.
ನಿಧಾನ. ಅಷ್ಟೆ.

ಪೂರ್ವದಲ್ಲಿ ಜುವಾಂಗ್ ಅಮಾ.
ಎದುರಿಗೆ ತೂ ಮೇಷ್ಟ್ರು, ಅವರ ತೋಳಿನೊಳಗೆ
ಯಾವಾಗಲೂ ಒಂದು ಬಿಲ್ಲೆ.
ಕದ್ದದ್ದೇ ಮರೆತಮೇಲೆ ಅದು ಕಳ್ಳತನವೇ?
ಸಂಜೆ ಒಗೆಯುವ ಬಟ್ಟೆ ಕೊಡವಿ ಹುಡುಕುತ್ತೇನೆ.
ಉತ್ತರದಲ್ಲಿ ಹಳೇ ಹಡಗು ಒಡೆಯುತ್ತಿದ್ದ ಕಾ ತಾತ,
ಬಿಲ್ಲೆ ನೋಡುವುದೇ ಇಲ್ಲ, ಹೆಬ್ಬೆರಳಲ್ಲಿ ಸವರಿ ಓದುತ್ತಾನೆ.
ಹೆಂಡತಿಯ ಹೆಸರು ಬಾರದು,
ಏಳು ಚುಕ್ಕಿ ತಪ್ಪದು.
ದಕ್ಷಿಣದ ಕುರ್ಚಿ ಲ್ಯಾನ್ ಎಂಬುವರದು.
ಅವರು ಆಸ್ಪತ್ರೆಗೆ ಹೋದಮೇಲೆ ಅಲ್ಲಿ ನಾನು.

ಆಟ ಬರುತ್ತಾ? ಕೇಳುತ್ತಾಳೆ ಅಮಾ.
ಬರಲ್ಲ, ಅನ್ನುತ್ತೇನೆ.
ಮೊದಲ ದಿನ ಅದು ನಿಜವಾಗಿತ್ತು.

ಹೇಳಿಕೊಡುತ್ತಾಳೆ. ಬಿಲ್ಲೆ ಕಲೆಸುವುದಕ್ಕೆ ಇಲ್ಲಿ
ತೊಳೆಯುವುದು ಅನ್ನುತ್ತಾರೆ.
ಅಂಗೈ ಅಗಲ ಮಾಡು, ಅಕ್ಕಿ ತೊಳೆದ ಹಾಗೆ,
ಹೆದರಬೇಡ, ಒಡೆಯಲ್ಲ.
ಇದು ಎರಡು ಬಿದಿರು, ಇದು ಮೂರು.
ಒಂದು ಬಿದಿರಲ್ಲಿ ಮಾತ್ರ ಬಿದಿರಿಲ್ಲ, ಹಕ್ಕಿ ಇದೆ.
ಯಾಕೆ ಅಮಾ?
ಯಾಕೆ ಅಂತ ಹಕ್ಕಿಯನ್ನು ಕೇಳು.
ಇದು ಏನೂ ಬರೆಯದ ಬಿಲ್ಲೆ. ಎಸೆಯಬೇಡ ಹುಡುಗಿ,
ಖಾಲಿ ಅಂತ ಎಸೆದವರೇ ಸೋಲುವುದು.
ಮೂರು ಕೂಡಿಸು, ಆಮೇಲೆ ನೋಡು ಇದರ ದೌಲತ್ತು.

ಗುರುವಾರ ಮತ್ತೆ: ಆಟ ಬರುತ್ತಾ?
ಬರಲ್ಲ.
ಅಂಗೈ ಅಗಲ ಮಾಡು, ಅಕ್ಕಿ ತೊಳೆದ ಹಾಗೆ.

ಹೀಗೆ ನೂರಾ ಹನ್ನೊಂದು ಸಲ ಕಲಿತಿದ್ದೇನೆ.
ಅವಳ ಭಾಷೆಯೂ ಹಾಗೇ ಬಂತು,
ಬೈಗುಳ ಮೊದಲು, ದಿಕ್ಕುಗಳು ಆಮೇಲೆ.
ರಾತ್ರಿ ಮಗನಿಗೆ ಫೋನು ಮಾಡಿದಾಗ
ನಮ್ಮ ಮಾತಿನ ಮಧ್ಯೆ ಪೊಂಗ್ ಅಂದುಬಿಡುತ್ತೇನೆ, ಅವನು ನಗುತ್ತಾನೆ.
ಅವನಿಗೀಗ ಆರು. ನಾನು ಹೊರಟಾಗ ಮೂರು.
ಅವನಿಗೆ ನೆನಪಿರುವುದು ನನ್ನ ಮುಖವೋ
ಫೋನಿನ ಗಾಜೋ, ಕೇಳಿಲ್ಲ.

ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಇವತ್ತು ಯಾವ ವಾರ?
ನೂರರಲ್ಲಿ ಏಳು ಕಳೆ. ಗಡಿಯಾರ ಬರಿ.
ಅಮಾ ಹದಿನಾಲ್ಕು. ಹದಿನಾಲ್ಕು. ಮತ್ತೂ ಹದಿನಾಲ್ಕು.
ಆಫೀಸಿನಲ್ಲಿ ಚಪ್ಪಾಳೆ ತಟ್ಟಿದರು,
ಕೆಳಗಿಳಿಯದ್ದಕ್ಕೆ ಚಪ್ಪಾಳೆ ಬೀಳುವ ಜಾಗ ಇದೊಂದೇ ಇರಬೇಕು.
ಕಾ ತಾತ ಒಂಬತ್ತಕ್ಕೆ ಬಂದಿದ್ದ.
ಅದನ್ನು ಯಾರೂ ಜೋರಾಗಿ ಓದಲಿಲ್ಲ.

ಮೊನ್ನೆ ಶನಿವಾರ ಅಮಾ ಹಕ್ಕಿಯನ್ನು ಬೆಳಕಿಗೆ ಹಿಡಿದು
ತಿರುಗಿಸಿದಳು, ಮತ್ತೆ ತಿರುಗಿಸಿದಳು.
ಇದೇನು? ಅಂದಳು.

ತೂ ಮೇಷ್ಟ್ರು ತೋಳಿನೊಳಗಿಂದ ಬಿಲ್ಲೆ ತೆಗೆದು
ತಾವಾಗಿಯೇ ಮೇಜಿನ ಮೇಲಿಟ್ಟರು.
ಕಾ ತಾತನ ಹೆಬ್ಬೆರಳು ನಿಂತಿತು.

ಒಂದು ಬಿದಿರು, ಅಮಾ, ಅಂದೆ ಬಾಯಿ ಜಾರಿ.
ಯಾಕೆ ಹಕ್ಕಿ ಅಂತ ಹಕ್ಕಿಯನ್ನೇ ಕೇಳಬೇಕಂತೆ.

ನನ್ನನ್ನು ನೋಡಿದಳು. ತುಂಬಾ ಹೊತ್ತು.
ಬಂದರಿನಲ್ಲಿ ಯಾವುದೋ ಹಡಗು ಕೂಗಿ ಮುಗಿಸಿತು.

ಸುಳ್ಳುಬುರುಕಿ, ಅಂದಳು. ನಿನಗೆ ಆಟ ಬರುತ್ತೆ.
ಯಾರು ಕಲಿಸಿದ್ದು?

ಒಬ್ಬಳು ಅಜ್ಜಿ, ಅಂದೆ.

ಹೂಂ, ಅಂದಳು, ಬಿಲ್ಲೆಗಳನ್ನೆಲ್ಲ ನಡುವಿಗೆ ಬಾಚುತ್ತಾ,
ಸರಿಯಾಗಿ ಕಲಿಸಿಲ್ಲ ಅವಳು.
ಅಂಗೈ ಅಗಲ ಮಾಡು.